ಸಿಪಾಯಿ ಇಲ್ಲದ ಕತ್ತಲು

ನಾಗಪುರದಿಂದ 16 ಕಿಲೋಮೀಟರ್ ಆಚೆ, ಕನ್ಹಾನ್ ನದಿಯ ದಂಡೆಯ ಮೇಲೆ ಕಾಮಠಿ ಇದೆ. 1821ರಲ್ಲಿ ಬ್ರಿಟಿಷರು ಕಟ್ಟಿದ ದಂಡು ಪ್ರದೇಶ. ಮಹಾರ್ ರೆಜಿಮೆಂಟಿನ ಮೊದಲ ಪಡೆ 1941ರ ಅಕ್ಟೋಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಹುಟ್ಟಿದರೆ, ಎರಡನೆಯದು ಮರುವರ್ಷ ಇಲ್ಲಿ ಹುಟ್ಟಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯಲ್ಲಿದ್ದವರು ಸುಮಾರು 25 ಲಕ್ಷ ಮಂದಿ. ಸತ್ತವರು 87 ಸಾವಿರದಷ್ಟು. ಉಳಿದವರಲ್ಲಿ ಬಹುಪಾಲು ಜನ ಸಮವಸ್ತ್ರ ಕಳಚಿ ಊರಿಗೆ ಮರಳಿದರು. ಸಿನಿಮಾ ವ್ಯಾಪಾರದವರು ಇಂದಿಗೂ ನಾಗಪುರದ ಸುತ್ತಲ ಈ ಸೀಮೆಯನ್ನು ಸಿ.ಪಿ.-ಬೆರಾರ್ ಎಂಬ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಆ ಸೀಮೆಯ ಟಾಕೀಸುಗಳಲ್ಲಿ ಐವತ್ತರ ದಶಕದ ಮುಂಬೈ ಅಪರಾಧ ಚಿತ್ರಗಳನ್ನು ನೋಡುತ್ತ ಕುಳಿತವರಲ್ಲಿ ಬರ್ಮಾದ ಯುದ್ಧದಿಂದ ಮರಳಿದವರೂ ಇದ್ದಿರಲೇಬೇಕು. ಪರದೆಯ ಮೇಲಿನ ಆ ಕತ್ತಲಲ್ಲಿ ಅವರಿಗೆ ತಮ್ಮ ಮುಖ ಕಂಡಿತೇ? ಈ ಪರಂಪರೆಯನ್ನು ಬಹಳ ಪ್ರೀತಿಯಿಂದ ನೋಡುತ್ತ ಬಂದ ನನಗೆ ಈ ಪ್ರಶ್ನೆ ಬಿಟ್ಟೂ ಬಿಡದೆ ಕಾಡುತ್ತದೆ. ಏಕೆಂದರೆ ಅದರ ಉತ್ತರ, ಇಲ್ಲ.

ಅಮೆರಿಕದಲ್ಲಿ ಹಾಗಾಗಲಿಲ್ಲ. ಫ್ರೆಂಚ್ ವಿಮರ್ಶಕ ನಿನೊ ಫ್ರಾಂಕ್ 1946ರಲ್ಲಿ ‘ಫಿಲ್ಮ್ ನ್ವಾರ್’, ಅಂದರೆ ಕಪ್ಪು ಚಿತ್ರ, ಎಂಬ ಹೆಸರು ಕೊಟ್ಟಾಗ ಆ ಕಪ್ಪಿನೊಳಗೆ ಯುದ್ಧದಿಂದ ಮರಳಿದ ಸಿಪಾಯಿ ಆಗಲೇ ಬಂದು ನಿಂತಿದ್ದ. ಅದೇ ವರ್ಷದ ‘ದಿ ಬ್ಲೂ ಡಾಲಿಯಾ’ ನೋಡಿ. ನೌಕಾಪಡೆಯಿಂದ ಬಿಡುಗಡೆಯಾಗಿ ಮನೆಗೆ ಬರುವ ಜಾನಿಗೆ ಹೆಂಡತಿ ಪರರ ಪಾಲಾಗಿರುವುದು ತಿಳಿಯುತ್ತದೆ. ಬೆಳಗಾಗುವುದರೊಳಗೆ ಅವಳ ಕೊಲೆಯಾಗಿರುತ್ತದೆ, ಶಂಕೆ ಅವನ ಮೇಲೆ. ಅವನ ಗೆಳೆಯ ಬಜ್‌ಗೆ ಯುದ್ಧದಲ್ಲಿ ತಲೆಗೆ ಪೆಟ್ಟಾಗಿ ಬುರುಡೆಯೊಳಗೆ ಲೋಹದ ತಗಡು ಕೂತಿದೆ. ಜೋರು ಸಂಗೀತ ಕಿವಿಗೆ ಬಿದ್ದರೆ ಸಾಕು, ಅವನು ಅವನಾಗಿ ಉಳಿಯುವುದಿಲ್ಲ, ಆಮೇಲೆ ಏನು ಮಾಡಿದೆನೆಂಬ ನೆನಪೂ ಇರುವುದಿಲ್ಲ. ಚಿತ್ರಕಥೆ ಬರೆದ ರೇಮಂಡ್ ಚಾಂಡ್ಲರ್ ಬಜ್‌ನನ್ನೇ ಕೊಲೆಗಾರನಾಗಿಸಬೇಕೆಂದಿದ್ದರು. ಗಾಯಗೊಂಡ ಯೋಧನನ್ನು ಕೊಲೆಗಾರನೆಂದು ತೋರಿಸಬಾರದೆಂದು ನೌಕಾಪಡೆ ತಕರಾರು ತೆಗೆಯಿತು. ಕೊನೆಗೆ ಅಪರಾಧ ಹೋಟೆಲಿನ ಕಾವಲು ಪತ್ತೇದಾರನ ತಲೆಗೆ ಬಂತು. ಆ ಅಂತ್ಯ ಇಂದು ನೋಡಿದರೂ ತೇಪೆ ಹಾಕಿದಂತೆ ಕಾಣುತ್ತದೆ. ಆದರೂ ಬಜ್‌ನ ಕೆಟ್ಟ ತಲೆನೋವು ಚಿತ್ರದ ಮೈಯಲ್ಲೆಲ್ಲ ಹರಡಿಕೊಂಡಿದೆ. ಸರ್ಕಾರ ಅಳಿಸಲು ಹೊರಟದ್ದು ಪೂರ್ತಿ ಅಳಿಯಲಿಲ್ಲ.

ಮುಂಬೈಗೆ ಈ ಕತ್ತಲು ಬಂದದ್ದು ಹಾಲಿವುಡ್‌ನಿಂದ ಮಾತ್ರವಲ್ಲ. ಬಾಂಬೆ ಟಾಕೀಸಿನ ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಜರ್ಮನಿಯವರು. ಹಾಲಿವುಡ್ ಕೂಡ ತನ್ನ ನೆರಳುಗಳನ್ನು ಕಲಿತದ್ದು ಜರ್ಮನ್ ಸಿನಿಮಾದಿಂದಲೇ. ಯುದ್ಧ ಶುರುವಾದಾಗ ಬ್ರಿಟಿಷರು ವಿರ್ಶಿಂಗ್‌ರನ್ನು ಶತ್ರುದೇಶದವರೆಂದು ಬಂಧನ ಶಿಬಿರಕ್ಕೆ ಹಾಕಿದರು. ಹೊರಬಂದ ಮೇಲೆ 1949ರಲ್ಲಿ ಅವರು ‘ಮಹಲ್’ ಚಿತ್ರೀಕರಿಸಿದರು. ಆ ಚಿತ್ರದ ಕತ್ತಲಿನ ಹಿಂದೆಯೂ ಯುದ್ಧವಿದೆ, ಕಥೆಯೊಳಗೆ ಮಾತ್ರ ಇಲ್ಲ.

ಎರಡು ವರ್ಷಗಳ ನಂತರ ‘ಬಾಜಿ’ ಬಂತು. ನಿರ್ದೇಶಕ ಗುರುದತ್ ಬೆಂಗಳೂರಿನಲ್ಲಿ ಹುಟ್ಟಿದ ಪಡುಕೋಣೆ ಮನೆತನದವರು. ಕ್ಯಾಮೆರಾ ವಿ. ರಾತ್ರಾ ಅವರದು. ರಾತ್ರಾಗೆ ಸಹಾಯಕರಾಗಿದ್ದವರು ಮೈಸೂರಿನ ವಿ.ಕೆ. ಮೂರ್ತಿ. ಸೆಟ್ಟಿನಲ್ಲಿ ಮೂರ್ತಿ ಸೂಚಿಸಿದ ಕಷ್ಟದ ಶಾಟೊಂದನ್ನು ಮೆಚ್ಚಿದ ಗುರುದತ್, ಮುಂದಿನ ‘ಜಾಲ್’ ಚಿತ್ರದಿಂದ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ‘ಆರ್ ಪಾರ್’, ‘ಸಿ.ಐ.ಡಿ.’ಗಳ ರಾತ್ರಿಗಳು ಮೂರ್ತಿಯವರ ಕೈಯವು. ಹಿಂದಿ ಸಿನಿಮಾದ ಕತ್ತಲನ್ನು ಹದಮಾಡಿದವರು ಕನ್ನಡ ನಾಡಿನವರು ಎಂದು ಹೇಳುವಾಗ ನನಗೆ ಹೆಮ್ಮೆ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಮೂರ್ತಿ. ಆ ಗೌರವ ಬರಲು 2008ರ ಪ್ರಶಸ್ತಿಯವರೆಗೆ ಕಾಯಬೇಕಾಯಿತು ಎನ್ನುವುದು ಬೇಸರದ ಮಾತು.

‘ಬಾಜಿ’ಯ ಮೇಲೆ 1946ರ ‘ಗಿಲ್ಡಾ’ದ ನೆರಳಿದೆಯೆಂದು ವಿಮರ್ಶಕರು ಗುರುತಿಸುತ್ತ ಬಂದಿದ್ದಾರೆ. ಜೂಜಿನ ಅಡ್ಡೆ, ಕೈಚಳಕದ ನಾಯಕ, ಹಾಡುವ ಹೆಣ್ಣು, ಎಲ್ಲವೂ ಬಂದವು. ಆದರೆ ‘ಗಿಲ್ಡಾ’ದ ನಡುವೆ ಯುದ್ಧ ಮುಗಿದ ಸುದ್ದಿ ಬರುತ್ತದೆ, ಸೋತ ಜರ್ಮನ್ನರು ಸುಳಿದಾಡುತ್ತಾರೆ. ‘ಬಾಜಿ’ ಜೂಜಿನ ಮೇಜನ್ನು ಹೊತ್ತು ತಂದಿತು, ಯುದ್ಧವನ್ನು ಅಲ್ಲೇ ಬಿಟ್ಟಿತು. ಸಿಪಾಯಿ ನಿಲ್ಲಬೇಕಿದ್ದ ಜಾಗದಲ್ಲಿ ಕೆಲಸವಿಲ್ಲದ ನಾಯಕ ಮದನ್ ನಿಂತ. ಅವನ ಸಿಟ್ಟು ನಿಜವಾದದ್ದೇ. ಈ ಪರಂಪರೆಯ ದೊಡ್ಡ ಸಾಧನೆಯೆಂದರೆ ಅಪರಾಧಿಯನ್ನು ಅದು ಗಲ್ಲಿಯಲ್ಲಿ ಹುಡುಕಲಿಲ್ಲ, ಬಂಗಲೆಯಲ್ಲಿ ಹುಡುಕಿತು. ‘ಬಾಜಿ’ಯಲ್ಲಿ ಅಡ್ಡೆಯ ಒಡೆಯ ನಾಯಕಿಯ ಶ್ರೀಮಂತ ತಂದೆ. ರಾಜ್ ಖೋಸ್ಲಾರ ‘ಕಾಲಾ ಪಾನಿ’ಯಲ್ಲಿ (1958) ನಿರಪರಾಧಿಯೊಬ್ಬನನ್ನು ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಸಿದವನು ಮರ್ಯಾದಸ್ಥ ವಕೀಲ. ಆ ಪಾತ್ರ ಮಾಡಿದ ಕಿಶೋರ್ ಸಾಹು ನಾಗಪುರ ವಿಶ್ವವಿದ್ಯಾಲಯದ ಪದವೀಧರರು. ದನಿ ಏರಿಸದೆ, ನಯದ ಮಾತಿನಲ್ಲೇ ಭಯ ಹುಟ್ಟಿಸುವ ಆ ಅಭಿನಯದ ಬಗ್ಗೆ ನಾವು ಇನ್ನೂ ಸಾಕಷ್ಟು ಬರೆದಿಲ್ಲ.

ಹಾಗಾದರೆ ಸಿಪಾಯಿ ಏಕೆ ಬರಲಿಲ್ಲ? ಗೊತ್ತಿರಲಿಲ್ಲ ಎನ್ನುವಂತಿಲ್ಲ. ದೇವಾನಂದ್ ನಟನಾಗುವ ಮೊದಲು ಮುಂಬೈಯ ಮಿಲಿಟರಿ ಸೆನ್ಸಾರ್ ಕಚೇರಿಯಲ್ಲಿ ದುಡಿಯುತ್ತ, ಯುದ್ಧಕಾಲದ ಕಾಗದಗಳನ್ನು ಒಡೆದು ಓದುತ್ತಿದ್ದವರು. ಸಿಪಾಯಿಗಳು ಮನೆಗೆ ಏನೇನು ಬರೆಯುತ್ತಾರೆಂದು ಈ ಪರಂಪರೆಯ ಮುಖ್ಯ ನಟನಿಗೇ ತಿಳಿದಿತ್ತು. ತೊಡಕು ಬೇರೆ ಕಡೆ ಇತ್ತು. 1945-46ರ ಕೆಂಪುಕೋಟೆ ವಿಚಾರಣೆಗಳ ನಂತರ ದೇಶದ ಕಣ್ಣಲ್ಲಿ ಯೋಧನೆಂದರೆ ಆಜಾದ್ ಹಿಂದ್ ಫೌಜಿನವನು. ಅವನ ಕಥೆ ಹೇಳಿದ ‘ಸಮಾಧಿ’ 1950ರಲ್ಲಿ ಭಾರಿ ಯಶಸ್ಸು ಕಂಡಿತು. ಬ್ರಿಟಿಷರ ಸಂಬಳಕ್ಕೆ ಬರ್ಮಾದಲ್ಲಿ ಹೋರಾಡಿದವನನ್ನು ಏನೆಂದು ಕರೆಯಬೇಕು? ಶೂರ ಎನ್ನಲು ನಾಲಿಗೆ ತಡೆಯುತ್ತಿತ್ತು, ದ್ರೋಹಿ ಎನ್ನಲು ಮನಸ್ಸು ಒಪ್ಪುತ್ತಿರಲಿಲ್ಲ. ಅಷ್ಟರಲ್ಲಿ ದೇಶ ವಿಭಜನೆಯ ರಕ್ತ ಹರಿಯಿತು. ಇಂಥ ಇಕ್ಕಟ್ಟಿನ ಮನುಷ್ಯನಿಗಾಗಿಯೇ ನ್ವಾರ್ ಇರುವುದು ಎಂಬುದು ನನ್ನ ನಂಬಿಕೆ. ನಮ್ಮವರು ಅವನನ್ನು ಒಳಗೆ ಕರೆಯಲಿಲ್ಲ.

ಹತ್ತು ವರ್ಷ ತಡವಾಗಿ ಬಾಗಿಲು ತೆರೆದದ್ದು ‘ಹಮ್ ದೋನೋ’ (1961). ವಿಜಯ್ ಆನಂದ್ ಬರವಣಿಗೆ, ಅಮರ್‌ಜೀತ್ ನಿರ್ದೇಶನ, ಕ್ಯಾಮೆರಾ ಮತ್ತೆ ‘ಬಾಜಿ’ಯ ರಾತ್ರಾ ಅವರದೇ. ಇಲ್ಲಿನ ನಾಯಕ ಆನಂದ್ ಕೂಡ ಮದನ್‌ನ ಹಾಗೆ ಕೆಲಸವಿಲ್ಲದವನು. ಆದರೆ ಇವನು ಜೂಜಿನ ಅಡ್ಡೆಗೆ ಹೋಗುವುದಿಲ್ಲ, ಸೈನ್ಯ ಸೇರುತ್ತಾನೆ. ದಂಡಿನಲ್ಲಿ ತನ್ನದೇ ಮುಖದ ಮೇಜರ್ ವರ್ಮಾ ಸಿಗುತ್ತಾನೆ. ಮೇಜರ್ ಸತ್ತನೆಂಬ ಸುದ್ದಿ ತಿಳಿಸಲು ಆನಂದ್ ಅವನ ಮನೆಗೆ ಹೋದರೆ, ಕಾಯಿಲೆಯಲ್ಲಿರುವ ಹೆಂಡತಿ ಇವನನ್ನೇ ಗಂಡನೆಂದು ಬಗೆಯುತ್ತಾಳೆ. ನಿಜ ಹೇಳಿದರೆ ಅವಳ ಜೀವಕ್ಕೇ ಅಪಾಯ. ಹೀಗೆ ಎರಡು ಮನೆಗಳ ನಡುವೆ ಅವನ ಬದುಕು ಹರಿದುಹೋಗುತ್ತದೆ. ಆನಂದ್‌ನ ತಾಯಿಯ ಪಾತ್ರ ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನೀಸ್ ಅವರದು. ಆಮೇಲೆ ಒಂದು ಕಾಲು ಕಳೆದುಕೊಂಡ ಮೇಜರ್ ಊರುಗೋಲಿನ ಮೇಲೆ ಬರುತ್ತಾನೆ. ತನ್ನ ಮುಖ ಹೊತ್ತ ಇನ್ನೊಬ್ಬ ತನ್ನ ಮನೆಯಲ್ಲಿ ಓಡಾಡುತ್ತಿರುವುದನ್ನು ಕಾಣುತ್ತಾನೆ.

ಹೋದವನೂ ಬಂದವನೂ ಒಂದೇ ಮುಖದವರು, ಆದರೆ ಒಬ್ಬರಲ್ಲ. ಯುದ್ಧದಿಂದ ಮರಳುವುದೆಂದರೇನು ಎಂಬುದಕ್ಕೆ ಇದಕ್ಕಿಂತ ತೀಕ್ಷ್ಣವಾದ ರೂಪಕವನ್ನು ಆ ಕಾಲದ ನಮ್ಮ ಸಿನಿಮಾದಲ್ಲಿ ನಾನು ಕಂಡಿಲ್ಲ. ನನ್ನ ತಕರಾರು ಇರುವುದು ಕಥೆಯನ್ನು ಯಾರ ಕಡೆಯಿಂದ ಹೇಳಿದ್ದಾರೆ ಎಂಬುದರ ಬಗ್ಗೆ. ಮೇಜರ್‌ನ ಸಂಶಯವೇ ಈ ಕಥೆಯ ಹೃದಯ. ಅದು ಕೊನೆಯ ಭಾಗಕ್ಕೆ ಬರುತ್ತದೆ, ಬೇಗ ತೀರುತ್ತದೆ. ಚಿತ್ರಕ್ಕೆ ಆನಂದ್‌ನ ಶೀಲ ಸಾಬೀತಾಗಬೇಕಿದೆ. ಅದಕ್ಕೆ ಅಡ್ಡ ನಿಂತ ಗೋಡೆಯಷ್ಟೇ ಆಗುತ್ತಾನೆ ಊರುಗೋಲಿನ ಮನುಷ್ಯ. ‘ಬ್ಲೂ ಡಾಲಿಯಾ’ದಲ್ಲಿ ನೌಕಾಪಡೆ ಮಾಡಿದ್ದನ್ನು ಇಲ್ಲಿ ಸದ್ಗುಣ ಮಾಡಿತು.

ಕನ್ನಡದ ಮಾತು ಬಂದರೆ, ರಾಜೇಂದ್ರ ಸಿಂಗ್ ಬಾಬು ಅವರ ‘ಮುತ್ತಿನ ಹಾರ’ (1990) ಕೊಡಗಿನ ಸೈನಿಕನ ಮನೆಯ ದುಃಖವನ್ನು ದೊಡ್ಡ ಮನಸ್ಸಿನಿಂದ ಕಂಡಿದೆ. ಆದರೆ ಅದು ಬೆಳಕಿನ ಚಿತ್ರ. ಹೇಮಂತ್ ರಾವ್ ಅವರ ‘ಕವಲುದಾರಿ’ (2019) ನಿಜಕ್ಕೂ ನ್ವಾರ್. ಹಳೆಯ ಕೊಲೆಯೊಂದರ ಗಾಯ ಹೊತ್ತ ನಿವೃತ್ತ ಪೊಲೀಸ್ ಅಧಿಕಾರಿಯಾಗಿ ಅನಂತ್ ನಾಗ್ ತಮ್ಮ ವಯಸ್ಸನ್ನೇ ಅಭಿನಯವಾಗಿಸಿದ್ದಾರೆ. ಈ ಎರಡು ದಾರಿಗಳು ಇನ್ನೂ ಸೇರಿಲ್ಲ.

ಸೇರಬಹುದಾದ ಜಾಗ ಕಾಮಠಿ ಎಂದು ನನಗನ್ನಿಸುತ್ತದೆ. 1921ರಲ್ಲಿ ಇದ್ದ ಪಡೆಯನ್ನೇ ವಿಸರ್ಜಿಸಿ, ಊರು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಹಾರರನ್ನು ಸೈನ್ಯದಿಂದಲೂ ಹೊರಗಿಟ್ಟ ಸರ್ಕಾರ, ಯುದ್ಧದ ಒತ್ತಡದಲ್ಲಿ, ಅಂಬೇಡ್ಕರ್ ಅವರ ಒತ್ತಾಯದ ನಡುವೆ, ಮತ್ತೆ ಕರೆಯಿತು. ‘ಬ್ಲೂ ಡಾಲಿಯಾ’ದ ಜಾನಿಯ ಕಥೆ ಹೆಂಡತಿಯ ಮೋಸದಿಂದ ಶುರುವಾಗುತ್ತದೆ. ಇಲ್ಲಿನ ಸಿಪಾಯಿಯ ಕಥೆ ಹಾಗೆ ಶುರುವಾಗಬೇಕಿಲ್ಲ. 1946ರ ಒಂದು ಸಂಜೆ, ಕೈಯಲ್ಲಿ ತಗಡಿನ ಟ್ರಂಕು, ಜೇಬಿನಲ್ಲಿ ಬಿಡುಗಡೆ ಚೀಟಿ, ಕಾಲಲ್ಲಿ ಇನ್ನೂ ಸವೆಯದ ಬೂಟು. ಅವನು ಊರ ಬಾವಿಯ ಪಕ್ಕ ಹಾದು ಹೊರಗಿನ ಕೇರಿಗೆ ನಡೆಯುತ್ತಾನೆ. ಬೂಟು ಹಾಕಿಕೊಂಡೇ ನಡೆದದ್ದನ್ನು ಜಗಲಿಯ ಮೇಲಿದ್ದವರು ನೋಡುತ್ತಾರೆ. ಬೆಳಗ್ಗೆ ಬಾವಿಯಲ್ಲಿ ಹೆಣ ತೇಲುತ್ತದೆ. ಪೊಲೀಸರು ಬಂದಾಗ ಇಡೀ ಊರು ಒಂದೇ ಕಡೆಗೆ ಕೈ ತೋರಿಸುತ್ತದೆ. ಆ ಬೂಟಿನ ಮೇಲೆ ಬೀಳುವ ಲಾಂದ್ರದ ಬೆಳಕನ್ನು ಮೂರ್ತಿಯವರು ಹೇಗೆ ಹಿಡಿಯುತ್ತಿದ್ದರೆಂದು ಎಷ್ಟೋ ಸಲ ಯೋಚಿಸಿದ್ದೇನೆ.