ಸಂಪತ್ತಿನ ತೆರಿಗೆ: ಕೇಂದ್ರದ್ದೋ ರಾಜ್ಯದ್ದೋ?

ಹುಲೇಕಲ್ಲಿನ ಸಿರಿವಂತನೊಬ್ಬನಿಗೆ ಊರಿನಲ್ಲಿ ಅಡಕೆ ತೋಟವೂ ಮುಂಬಯಿಯ ಕಂಪೆನಿಗಳಲ್ಲಿ ಷೇರುಗಳೂ ಇವೆಯೆಂದು ಭಾವಿಸೋಣ. ಸಂವಿಧಾನದ ಕೇಂದ್ರಪಟ್ಟಿಯ 86ನೆಯ ನಮೂದು ಇವನ ಸಂಪತ್ತನ್ನು ಎರಡಾಗಿ ಸೀಳುತ್ತದೆ. ಷೇರುಗಳ ಮೌಲ್ಯದ ಮೇಲೆ ತೆರಿಗೆ ವಿಧಿಸುವ ಅಧಿಕಾರ ಸಂಸತ್ತಿನದು. ಕೃಷಿಭೂಮಿ ಅದರಿಂದ ಹೊರಗು. ಕಾಲ್ಡರ್ ಅವರ 1956ರ ವರದಿಯ ಹಿನ್ನೆಲೆಯಲ್ಲಿ ಬಂದ 1957ರ ಶಾಸನವು ಈ ಗೆರೆಯನ್ನು ಪಾಲಿಸಿತು. 1969ರ ಹಣಕಾಸು ಶಾಸನವು ಅದನ್ನು ದಾಟಿತು. 1971ರ ಧಿಲ್ಲೋನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೈಕಿ ನಾಲ್ವರು ಈ ದಾಟುವಿಕೆಯನ್ನು ಎತ್ತಿಹಿಡಿದರು. ರಾಜ್ಯಪಟ್ಟಿಯಲ್ಲಿಲ್ಲದ ವಿಷಯವೆಲ್ಲ ಸಂಸತ್ತಿಗೇ ಸಲ್ಲತಕ್ಕದ್ದೆಂಬುದು ಅವರ ವಾದ. ಒಂದು ನಮೂದು ಬಾಯಿಬಿಟ್ಟು ಹೊರಗಿಟ್ಟುದನ್ನು 97ನೆಯ ಶೇಷಾಧಿಕಾರದ ಹಿತ್ತಿಲ ಬಾಗಿಲಿನಿಂದ ಒಳತರುವ ಈ ತರ್ಕ ನಮಗೆ ಒಪ್ಪಿಗೆಯಾಗದು. ಫಲವೇನೋ ನ್ಯಾಯವಾದದ್ದೇ: ಸಿರಿವಂತನ ಶಕ್ತಿಯನ್ನು ಇಡಿಯಾಗಿ ಅಳೆಯದೆ ಏರುದರದ ತೆರಿಗೆಗೆ ಅರ್ಥವಿಲ್ಲ. ಮುಂದೆ ಸಂಸತ್ತೇ ಕೃಷಿಭೂಮಿಯನ್ನು ಮತ್ತೆ ಕೈಬಿಟ್ಟಿತೆಂಬುದು ಬೇರೆ ಮಾತು.

ಹಾಗಾದರೆ ತೆರಿಗೆಯನ್ನು ಪೂರ್ತಿಯಾಗಿ ರಾಜ್ಯಕ್ಕೇ ಬಿಡಬಾರದೇಕೆ? ತೋಟ ಹುಲೇಕಲ್ಲಿನಿಂದ ಕದಲದು. ಷೇರುಗಳ ಒಡೆಯ ದರ ಕಡಮೆಯಿರುವ ರಾಜ್ಯಕ್ಕೆ ವಾಸ ಬದಲಿಸಬಲ್ಲ. ಆದುದರಿಂದ ದರವನ್ನು ಗೊತ್ತುಮಾಡುವುದು ಕೇಂದ್ರದ ಕೆಲಸ. ಹುಟ್ಟುವಳಿಯಲ್ಲಿ ರಾಜ್ಯಗಳಿಗೆ ಪಾಲು ಸಲ್ಲಬೇಕು. 2000ದ ಎಂಬತ್ತನೆಯ ತಿದ್ದುಪಡಿಯಿಂದ ಈ ಏರ್ಪಾಟು ಒದಗಿತ್ತು. 2013-14ರಲ್ಲಿ ವಸೂಲಾದದ್ದು ಕೇವಲ 1,008 ಕೋಟಿ ರೂಪಾಯಿ ಎಂಬ ಕಾರಣವನ್ನು ಮುಂದೊಡ್ಡಿ 2015ರಲ್ಲಿ ಈ ತೆರಿಗೆಯನ್ನೇ ರದ್ದುಮಾಡಲಾಯಿತು. ಅದರ ಬದಲಿಗೆ, ಒಂದು ಕೋಟಿಗೆ ಮೀರಿದ ಆದಾಯವುಳ್ಳವರ ತೆರಿಗೆಯ ಮೇಲೆ ಶೇಕಡಾ 2ರ ಹೆಚ್ಚುವರಿ ಸರ್‌ಚಾರ್ಜ್ ಬಂದಿತು. ಸರ್‌ಚಾರ್ಜಿನಲ್ಲಿ ರಾಜ್ಯಗಳಿಗೆ ಪಾಲಿಲ್ಲ.