ವಿಮಾನದಲ್ಲಿ ಗಾನಗೋಷ್ಠಿ: ಒಂದು ಚಲಚ್ಚಿತ್ರದ ಔಚಿತ್ಯವಿಚಾರ

ಕ್ಷೇಮೇಂದ್ರನು ತನ್ನ ಔಚಿತ್ಯವಿಚಾರಚರ್ಚೆಯಲ್ಲಿ ಕಾಳಿದಾಸನಂಥ ಮಹಾಕವಿಯ ಪದ್ಯದಲ್ಲಿಯೂ ಅನೌಚಿತ್ಯವನ್ನು ಎತ್ತಿ ತೋರಿಸಿರುವನೆಂಬುದು ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ. ಮಹಾಕೃತಿಯನ್ನು ಒರೆಗೆ ಹಚ್ಚುವ ಶಾಸ್ತ್ರವು ಕೀಳುಕೃತಿಯ ಮುಂದೆ ಮೌನವಾಗಬೇಕೆಂಬ ನಿಯಮವೇನೂ ಇಲ್ಲ. ರಸಸೂತ್ರವನ್ನು ಬೋಧಿಸುವ ಉಪಾಧ್ಯಾಯರು ಶಾಕುಂತಲವನ್ನೋ ಉತ್ತರರಾಮಚರಿತವನ್ನೋ ಉದಾಹರಣೆಗೆ ಎತ್ತಿಕೊಳ್ಳುವರು. ಎದುರಿಗೆ ಕುಳಿತ ವಿದ್ಯಾರ್ಥಿಗಳು ಹಿಂದಿನ ರಾತ್ರಿ ನೋಡಿರುವುದು ಬೇರೆಯೇ ಬಗೆಯ ಕಥೆಯನ್ನು. ಅಂಥದನ್ನು ತುಚ್ಛವೆಂದು ತಳ್ಳಿಬಿಡುವುದು ಸುಲಭ. ಏತಕ್ಕೆ ತುಚ್ಛವೆಂದು ಸರಿಯಾಗಿ ಹೇಳುವುದು ಅಷ್ಟು ಸುಲಭವಲ್ಲ. ‘ಟರ್ಬ್ಯುಲೆನ್ಸ್ 3: ಹೆವಿ ಮೆಟಲ್’ ಎಂಬ 2001ನೆಯ ಇಸವಿಯ ಇಂಗ್ಲಿಷ್ ಚಲಚ್ಚಿತ್ರವನ್ನು ನೋಡಿದವರು ಸಾಮಾನ್ಯವಾಗಿ ಆಡುವ ಮಾತು ಒಂದೇ: ಹೀಗೆಲ್ಲ ನಡೆಯುವುದುಂಟೆ? ಈ ಆಕ್ಷೇಪವು ಚಿತ್ರದ ನಿಜವಾದ ದೋಷವನ್ನು ಮುಟ್ಟುವುದಿಲ್ಲ.

ಕಥಾವಸ್ತುವು ಹೀಗಿದೆ. ಸ್ಲೇಡ್ ಕ್ರೇವನ್ ಎಂಬ ರಾಕ್ ಗಾಯಕನು ಬೋಯಿಂಗ್ 747 ವಿಮಾನದಲ್ಲಿ ಕೆಲವು ಮಂದಿ ಅಭಿಮಾನಿಗಳನ್ನು ಕೂರಿಸಿಕೊಂಡು, ಲಾಸ್ ಏಂಜಲೀಸಿನಿಂದ ಟೊರಾಂಟೊಗೆ ಹಾರುತ್ತಿರುವಾಗಲೇ ಕಚೇರಿಯನ್ನು ನಡೆಸುವನು. ಅದು ಅಂತರಜಾಲದ ಮೂಲಕ ಲೋಕಕ್ಕೆಲ್ಲ ಪ್ರಸಾರವಾಗುತ್ತಿರುವುದು. ಕ್ರೇವನ್ನನ ವೇಷವನ್ನೇ ತೊಟ್ಟ ಸೈಮನ್ ಎಂಬೊಬ್ಬನು ನಿಜವಾದ ಗಾಯಕನನ್ನು ಸೆರೆಯಲ್ಲಿಟ್ಟು ವಿಮಾನವನ್ನು ಅಪಹರಿಸುವನು. ಸೈತಾನನ ಉಪಾಸಕರಾದ ಇವನ ಗುಂಪಿನವರಿಗೆ ಆ ವಿಮಾನವನ್ನು ಕ್ಯಾನ್ಸಸ್ ಪ್ರಾಂತದ ಸ್ಟಲ್ ಎಂಬ ಹಳ್ಳಿಯಲ್ಲಿ ಕೆಡವಬೇಕೆಂಬ ಸಂಕಲ್ಪ. ಅಲ್ಲಿ ನರಕದ ಬಾಗಿಲು ಇದೆಯೆಂದು ಅವರ ನಂಬಿಕೆ. ಪ್ರಸಾರದಲ್ಲಿ ಕಾಣುವ ಮುಖವು ಕ್ರೇವನ್ನನದಾದುದರಿಂದ ಅಧಿಕಾರಿಗಳು ಅವನನ್ನೇ ಅಪರಾಧಿಯೆಂದು ತಿಳಿಯುವರು. ಆ ಪ್ರಸಾರವನ್ನು ಕಳ್ಳತನದಿಂದ ನೋಡುತ್ತಿದ್ದ ನಿಕ್ ಎಂಬ ಗಣಕಚೋರನೂ, ಅವನನ್ನು ಹಿಡಿಯಬಂದ ಎಫ್.ಬಿ.ಐ. ಅಧಿಕಾರಿಣಿಯೂ ಸೇರಿ ಸತ್ಯವನ್ನು ಕಂಡುಕೊಂಡು, ದೂರದಿಂದಲೇ ಗಾಯಕನಿಗೆ ಮಾರ್ಗವನ್ನು ಹೇಳಿ ವಿಮಾನವನ್ನು ಇಳಿಸುವರು. ನಿರ್ದೇಶಕನು ಹೋರ್ಹೆ ಮೊಂಟೇಸಿ. ರುಟ್ಗರ್ ಹೌವರನಂಥ ಪ್ರಸಿದ್ಧ ನಟನು ಸಹವಿಮಾನಚಾಲಕನ ಪಾತ್ರದಲ್ಲಿರುವನು. ಚಿತ್ರಮಂದಿರಗಳ ಭಾಗ್ಯವು ಇದಕ್ಕೆ ಇರಲಿಲ್ಲ. ನೇರವಾಗಿ ವಿಡಿಯೋ ಅಂಗಡಿಗೆ ಬಂದಿತು.

ಇದು ಅಸಂಭಾವ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಮುದ್ರಲಂಘನವೂ ಅಸಂಭಾವ್ಯವೇ ಸರಿ. ಅಭಿನವಗುಪ್ತನು ರಸಪ್ರತೀತಿಗೆ ಏಳು ವಿಘ್ನಗಳನ್ನು ಎಣಿಸುವಾಗ ಸಂಭಾವನಾವಿರಹವನ್ನೇ ಮೊದಲನೆಯದಾಗಿ ಹೇಳಿ, ಅದಕ್ಕೆ ಪರಿಹಾರವನ್ನೂ ಸೂಚಿಸಿರುವನು. ಲೋಕಸಾಮಾನ್ಯವಾದ ವಿಷಯವಾದರೆ ಪ್ರೇಕ್ಷಕನ ಹೃದಯವು ತಾನಾಗಿ ಒಪ್ಪುವುದು. ಲೋಕೋತ್ತರವಾದ ಕೃತ್ಯವಾದರೆ ರಾಮಾದಿಗಳಂಥ, ಬಹುಕಾಲದಿಂದ ನೆಲೆಯೂರಿದ ಪ್ರಸಿದ್ಧಿಯುಳ್ಳವರ ಹೆಸರನ್ನು ಆಶ್ರಯಿಸಬೇಕು. ಈ ಚಿತ್ರವನ್ನು ಬರೆದವರು ಅಭಿನವಭಾರತಿಯನ್ನು ಓದಿರಲಾರರು. ಆದರೂ ತಮ್ಮ ಕಥೆಗೆ ಅಂಥದೊಂದು ಊರುಗೋಲು ಬೇಕೆಂಬುದು ಅವರಿಗೆ ಹೇಗೋ ತೋರಿದೆ. ಆದುದರಿಂದಲೇ ಸ್ಟಲ್ ಗ್ರಾಮವನ್ನು ಹಿಡಿದಿರುವರು. ಆ ಗ್ರಾಮವು ಕಲ್ಪಿತವಲ್ಲ. ಅಲ್ಲಿಯ ಶ್ಮಶಾನದಲ್ಲಿ ಸೈತಾನನು ಕಾಣಿಸಿಕೊಳ್ಳುವನೆಂಬ ಕಥೆಯು 1974ನೆಯ ನವೆಂಬರಿನಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಪತ್ರಿಕೆಯೊಂದರ ಲೇಖನದಿಂದ ಹರಡಿತು. ಎಂದರೆ ಚಿತ್ರವು ಬಂದ ಕಾಲಕ್ಕೆ ಅದರ ವಯಸ್ಸು 27 ವರ್ಷ. ಅಷ್ಟು ಎಳೆಯ ಪ್ರಸಿದ್ಧಿಯ ಮೇಲೆ ಇಷ್ಟು ಭಾರವಾದ ವಿಮಾನವನ್ನು ನಿಲ್ಲಿಸಬಹುದೇ ಎಂಬುದೇ ಪ್ರಶ್ನೆ. ಗ್ರಾಮದ ಹಳೆಯ ಕಲ್ಲಿನ ಇಗರ್ಜಿಯು 2002ರಲ್ಲಿ ಕೆಡವಲ್ಪಟ್ಟಿತು, ಕಥೆಯು ಉಳಿದಿದೆ.

ಇಲ್ಲಿ ಮತ್ತೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಭಾರತದ ಪ್ರೇಕ್ಷಕನಿಗೆ ವಿಮಾನಾಪಹರಣವು ಕೇವಲ ಕಥಾವಸ್ತುವಲ್ಲ. 1999ನೆಯ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟ ಐ.ಸಿ. 814 ವಿಮಾನವು ಕಂದಹಾರಕ್ಕೆ ಒಯ್ಯಲ್ಪಟ್ಟು, ವರ್ಷದ ಕೊನೆಯ ದಿನದವರೆಗೆ ಜನರು ಅದರಲ್ಲಿ ಸೆರೆಯಾಗಿದ್ದರು. ಈ ಚಿತ್ರವು ಬಂದ 2001ರಲ್ಲಿಯೇ, ಸೆಪ್ಟೆಂಬರ್ 11ರಂದು, ವಿಮಾನಗಳನ್ನು ಗುರಿಯಿಟ್ಟು ಕೆಡಹುವ ಕೃತ್ಯವನ್ನು ಲೋಕವೆಲ್ಲ ಕಣ್ಣಾರೆ ಕಂಡಿತು. ಭಯವೆಂಬ ಸ್ಥಾಯಿಭಾವವು ಪ್ರೇಕ್ಷಕನಲ್ಲಿ ಸಿದ್ಧವಾಗಿಯೇ ಇರುವಾಗ ಅದನ್ನು ಎಬ್ಬಿಸಲಾರದೆ ಹೋಗುವುದು ಸಾಮಾನ್ಯವಾದ ಸೋಲಲ್ಲ.

ಹಾಗಾದರೆ ಸೋಲು ಎಲ್ಲಿದೆ? ಗಾನದಲ್ಲಿದೆ. ವಿಮಾನಾಪಹರಣದ ಚಿತ್ರಗಳು ಬಹಳ. ಗಾನಗೋಷ್ಠಿಯೇ ಅಪಹೃತವಾಗುವ ಚಿತ್ರವು ಅಪೂರ್ವ. ಈ ಕೃತಿಯ ಸ್ವಂತ ಸೊತ್ತೆಂದರೆ ಅದೊಂದೇ. ಆದರೆ ಅಪಹರಣವು ಆರಂಭವಾದ ಮೇಲೆ ಗಾನಕ್ಕೆ ಕಥೆಯಲ್ಲಿ ಮಾಡಬೇಕಾದ ಕಾರ್ಯವೇನೂ ಉಳಿಯುವುದಿಲ್ಲ. ಮೊದಲು ಹಾಡು, ಅನಂತರ ಹೊಡೆದಾಟ; ಎರಡೂ ಅಕ್ಕಪಕ್ಕದ ಮನೆಯವರಂತೆ ಇರುತ್ತವೆಯೇ ಹೊರತು ಒಂದೇ ಒಲೆಯಲ್ಲಿ ಬೇಯುವುದಿಲ್ಲ. ಗಾಯಕನ ಬದಲು ವ್ಯಾಪಾರಿಗಳ ಸಭೆಯೊಂದನ್ನು ವಿಮಾನದಲ್ಲಿ ಕೂರಿಸಿದ್ದರೂ ಉತ್ತರಾರ್ಧದ ಕಥೆಯು ಹೆಚ್ಚು ಕಡಮೆ ಹೀಗೆಯೇ ಸಾಗುತ್ತಿತ್ತು.

ಭರತಮುನಿಯು ನಾಟ್ಯಶಾಸ್ತ್ರದ 32ನೆಯ ಅಧ್ಯಾಯದಲ್ಲಿ ಧ್ರುವಾಗಾನವನ್ನು ಐದು ಬಗೆಯಾಗಿ ವಿಭಾಗಿಸಿರುವುದನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಪಾತ್ರದ ಪ್ರವೇಶಕ್ಕೆ ಪ್ರಾವೇಶಿಕೀ, ನಿರ್ಗಮಕ್ಕೆ ನೈಷ್ಕ್ರಾಮಿಕೀ. ನಡೆಯುತ್ತಿರುವ ರಸವನ್ನು ಹಠಾತ್ತಾಗಿ ಮುರಿದು ಬೇರೊಂದಕ್ಕೆ ಎಳೆಯುವುದು ಆಕ್ಷೇಪಿಕೀ. ಹಾಗೆ ಕದಡಿದ ಮನಸ್ಸನ್ನು ತಿಳಿಗೊಳಿಸುವುದು ಪ್ರಾಸಾದಿಕೀ. ಪಾತ್ರವು ಮೂರ್ಛೆ ಹೋದಾಗಲೋ ಉಡಿಗೆತೊಡಿಗೆಗಳು ಜಾರಿದಾಗಲೋ ಆ ಎಡೆಯನ್ನು ತುಂಬುವುದು ಆಂತರೀ. ವಿಮಾನದಲ್ಲಿ ಕಚೇರಿಯು ನಡೆಯುತ್ತಿರುವಾಗ ಶಸ್ತ್ರಧಾರಿಗಳು ಏಳುವ ಸನ್ನಿವೇಶಕ್ಕಿಂತ ಆಕ್ಷೇಪಿಕೀಗೆ ಯೋಗ್ಯವಾದ ಸ್ಥಾನವು ಬೇರೆ ಯಾವುದು? ಹಾಡಿನ ಲಯವೇ ಬದಲಾಗಿ, ಮೋಜೆಂದು ಕುಣಿಯುತ್ತಿದ್ದವರಿಗೆ ಇದು ಮೋಜಲ್ಲವೆಂಬ ಅರಿವು ಕಿವಿಯ ಮೂಲಕವೇ ಬರಬೇಕಾಗಿತ್ತು. ವೇಷಧಾರಿಯು ಅದೇ ಹಾಡನ್ನು ಒಂದು ಸ್ವರ ತಪ್ಪಿ ಹಾಡಿದುದನ್ನು ಅಭಿಮಾನಿಯೊಬ್ಬನು ಗುರುತಿಸಿದ್ದರೆ ಸಾಕಾಗಿತ್ತು. ಇಂಥ ಯಾವ ಯೋಚನೆಯೂ ಚಿತ್ರದಲ್ಲಿ ಕಾಣದು.

ರೌದ್ರವೂ ಗಾನವೂ ಕೂಡಲಾರವೆಂದು ಯಾರಾದರೂ ಹೇಳುವುದಾದರೆ, ಅವರು ಕೊಪ್ಪಳ ಸೀಮೆಯ ದೊಡ್ಡಾಟವನ್ನು ಒಂದು ರಾತ್ರಿ ಕುಳಿತು ನೋಡಬೇಕು. ಅಲ್ಲಿ ರಾಕ್ಷಸನು ಮದ್ದಳೆಯ ಪೆಟ್ಟಿಗೆ ಹೆಜ್ಜೆಯಿಡುತ್ತಲೇ ಪ್ರವೇಶಿಸುವನು. ಪದ್ಯವು ಅವನ ಸಿಟ್ಟನ್ನು ತಡೆಯುವುದಿಲ್ಲ, ಹೊತ್ತು ತರುವುದು. ತೊಗಲುಗೊಂಬೆಯಾಟದಲ್ಲಿಯಾದರೋ ಪರದೆಯ ಹಿಂದಿನ ಕಂಠವೇ ದೇವರಿಗೂ ದೈತ್ಯರಿಗೂ ಉಸಿರು. ಆ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಪಡೆದ ಶ್ರೀಮತಿ ಭೀಮವ್ವ ಶಿಳ್ಳೇಕ್ಯಾತರು ಕೊಪ್ಪಳ ಜಿಲ್ಲೆಯ ಮೋರನಾಳ ಗ್ರಾಮದವರು.

ಕನ್ನಡ ಚಲಚ್ಚಿತ್ರಗಳೂ ಈ ಪ್ರಶ್ನೆಯನ್ನು ಎದುರಿಸಿರುವುವು. ದೊರೈ-ಭಗವಾನರ ‘ಆಪರೇಷನ್ ಡೈಮಂಡ್ ರಾಕೆಟ್’ 1978ರದು. ಗೂಢಚಾರನ ಸಾಹಸದ ನಡುವೆ ಶ್ರೀ ರಾಜಕುಮಾರರಿಂದ ಇಂಗ್ಲಿಷ್ ಹಾಡನ್ನೇ ಹಾಡಿಸಲಾಗಿದೆ. ಅಪಾಯವನ್ನು ಕ್ಷಣಕಾಲ ಮರೆಸುವುದೇ ಆ ಹಾಡಿನ ಕೆಲಸ, ಅದನ್ನು ಅದು ಮುಚ್ಚುಮರೆಯಿಲ್ಲದೆ ಮಾಡುವುದು. ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿದವರು ಶ್ರೀ ಸುನೀಲಕುಮಾರ ದೇಸಾಯಿಯವರು. 1989ರ ‘ತರ್ಕ’ದಲ್ಲಿ ಹಾಡುಗಳನ್ನೇ ಬಿಟ್ಟ ಇವರು 1993ರ ‘ನಿಷ್ಕರ್ಷ’ದಲ್ಲಿಯೂ ಹಾಗೆಯೇ ಮಾಡಿದರು. ಅದರ ವಸ್ತುವು ಈಗ ವಿಚಾರಿಸುತ್ತಿರುವ ಚಿತ್ರಕ್ಕೆ ಬಹಳ ಸಮೀಪದ್ದು: ಎತ್ತರವಾದ ಕಟ್ಟಡದ ಬ್ಯಾಂಕಿನೊಳಗೆ ದುಷ್ಟರು ಜನರನ್ನು ಒತ್ತೆಯಿಟ್ಟುಕೊಳ್ಳುವರು, ಹೊರಗೆ ಪೋಲೀಸರು, ಒಳಗೆ ನುಗ್ಗಲು ವಿಷ್ಣುವರ್ಧನರ ಕಮಾಂಡೋ ಪಾತ್ರ. ವಿಮಾನದಂತೆಯೇ ಅಲ್ಲಿಯೂ ಬಾಗಿಲು ಮುಚ್ಚಿದೆ, ಹೊರಗಿನವರು ನಿಸ್ಸಹಾಯರು. ಹಾಡಿನ ಚಟವು ಬಲವಾಗಿ ಬೇರೂರಿದ ಕನ್ನಡ ಚಿತ್ರರಂಗದಲ್ಲಿ ಹಾಡನ್ನು ಬಿಟ್ಟುಕೊಟ್ಟ ದೇಸಾಯಿಯವರಿಗೆ ಅದರ ಪ್ರತಿಫಲವಾಗಿ ನಿಶ್ಶಬ್ದವು ದೊರೆಯಿತು. ಮೆಟ್ಟಲಿನ ಮೇಲೆ ಕಾಲಿನ ಸಪ್ಪಳ ಕೇಳಿದರೂ ಪ್ರೇಕ್ಷಕನು ಬೆಚ್ಚುವನು. ಹಾಡನ್ನು ಸೇರಿಸಿದ ದೊರೈ-ಭಗವಾನರಿಗೂ ತೆಗೆದುಹಾಕಿದ ದೇಸಾಯಿಯವರಿಗೂ ತಾವು ಮಾಡುತ್ತಿರುವುದೇನೆಂಬ ಅರಿವಿತ್ತು. ಮೊಂಟೇಸಿಯಾದರೋ ಕಥೆಯ ಹೆಸರಿನಲ್ಲಿಯೇ ಸಂಗೀತವನ್ನು ಇಟ್ಟುಕೊಂಡು, ಅದನ್ನು ಸೇರಿಸಿಯೂ ಇಲ್ಲ, ಬಿಟ್ಟೂ ಇಲ್ಲ.

ಇಷ್ಟು ಹೇಳಿದ ಮೇಲೆ ಗುಣಪಕ್ಷವನ್ನೂ ಹೇಳುವುದು ನ್ಯಾಯ. ವೇಷದ ಕಲ್ಪನೆಯಲ್ಲಿ ಈ ಚಿತ್ರಕ್ಕೆ ನಿಜವಾದ ಸತ್ತ್ವವಿದೆ. ಕ್ರೇವನ್ನನನ್ನೂ ಸೈಮನ್ನನನ್ನೂ ಜಾನ್ ಮಾನ್ ಎಂಬ ಒಬ್ಬನೇ ನಟನು ಅಭಿನಯಿಸಿರುವನು. ಈತನು ಕೆನಡಾದೇಶದ ವಾದ್ಯಗೋಷ್ಠಿಯೊಂದರ ಪ್ರಧಾನ ಗಾಯಕನಾಗಿ ಅಲ್ಲಿ ಹೆಸರಾದವನು. ಉದ್ದವಾದ ಕರಿಯ ಕೂದಲು, ಮುಖಕ್ಕೆ ಬಣ್ಣ: ಇವಿಷ್ಟಿದ್ದರೆ ಯಾರು ಬೇಕಾದರೂ ಕ್ರೇವನ್ನನಾಗಬಹುದು. ಚತುರ್ವಿಧಾಭಿನಯಗಳಲ್ಲಿ ಆಹಾರ್ಯಕ್ಕೆ ಸ್ಥಾನವೇನೆಂದು ತಿಳಿಯಬೇಕಾದವರಿಗೆ ಇದು ಒಳ್ಳೆಯ ಪಾಠ. ವಾಚಿಕವೂ ಸಾತ್ತ್ವಿಕವೂ ಕ್ಷೀಣವಾಗಿ ಆಹಾರ್ಯವೇ ಸರ್ವಸ್ವವಾದ ಕಲೆಯಲ್ಲಿ ಕಳ್ಳನಿಗೂ ಒಡೆಯನಿಗೂ ಭೇದವು ಉಳಿಯದು. ಕೊಪ್ಪಳಕ್ಕೆ ಹತ್ತಿಯೇ ಇರುವ ಭಾಗ್ಯನಗರದಲ್ಲಿ ಸೀರೆಯ ಮಗ್ಗಗಳ ಜೊತೆಗೆ ಕೂದಲಿನ ಉದ್ಯೋಗವೂ ಬಹುವಾಗಿ ಬೆಳೆದಿದೆ. ನಾನಾ ಕಡೆಗಳಿಂದ ಬಂದ ಕೂದಲನ್ನು ಅಲ್ಲಿಯ ಹೆಣ್ಣುಮಕ್ಕಳು ಸಿಕ್ಕು ಬಿಡಿಸಿ, ತೊಳೆದು, ಅಳತೆಗೆ ತಕ್ಕಂತೆ ಬೇರ್ಪಡಿಸುವರು. ಅದು ಚೌರಿಯಾಗಿ, ಟೋಪನ್ನಾಗಿ ಎಲ್ಲೆಲ್ಲಿಯೋ ಯಾರ ತಲೆಯನ್ನೋ ಸೇರುವುದು. ಒಂದು ತಲೆಯ ಕೂದಲು ಮತ್ತೊಂದು ಮುಖವನ್ನು ಹೇಗೆ ಬೇರೆ ಮಾಡುವುದೆಂಬುದು ಆ ಊರಿನವರಿಗೆ ಪುಸ್ತಕದಿಂದ ತಿಳಿಯಬೇಕಾದುದಲ್ಲ. ದೊಡ್ಡಾಟದಲ್ಲಿ ಎಂಥ ಕಿರೀಟ ಭುಜಕೀರ್ತಿಗಳನ್ನು ಧರಿಸಿ ಬಂದ ಪಾತ್ರವನ್ನೂ ಸಾರಥಿಯು ತಡೆದು, ತಾವು ಯಾರೆಂದು ಕೇಳಿಯೇ ತೀರುವನು. ವಿಮಾನದಲ್ಲಿ ಹಾಗೆ ಕೇಳುವ ಸಾರಥಿಯೇ ಇರಲಿಲ್ಲ.

ಸೈಮನ್ನನ ಮೂಲಪುರುಷನು ಭಾಗವತದ ದಶಮಸ್ಕಂಧದಲ್ಲಿರುವನು. ಪೌಂಡ್ರಕನು ಕೃತ್ರಿಮವಾದ ಶಂಖಚಕ್ರಗಳನ್ನೂ ಕೌಸ್ತುಭವನ್ನೂ ಧರಿಸಿ, ತಾನೇ ವಾಸುದೇವನೆಂದು ಶ್ರೀಕೃಷ್ಣನಿಗೇ ದೂತನನ್ನು ಅಟ್ಟಿದನು. ರಣರಂಗದಲ್ಲಿ ಅವನ ವೇಷವನ್ನು ಕಂಡ ಕೃಷ್ಣನಿಗೆ ನಗು ಬಂದಿತು. ಆದರೆ ಪುರಾಣವು ನಗುವಿನಲ್ಲಿಯೇ ನಿಲ್ಲುವುದಿಲ್ಲ: ದ್ವೇಷದಿಂದಲೇ ಆಗಲಿ, ನಿತ್ಯವೂ ಆ ರೂಪವನ್ನೇ ಧ್ಯಾನಿಸಿದುದರಿಂದ ಪೌಂಡ್ರಕನು ತನ್ಮಯನಾದನೆಂದು ಹೇಳುವುದು. ಅಭಿಮಾನಿಯು ಆರಾಧಿಸುತ್ತ ಆರಾಧಿಸುತ್ತ ಆರಾಧ್ಯನನ್ನೇ ಒತ್ತಿ ಆ ಸ್ಥಾನದಲ್ಲಿ ತಾನು ನಿಲ್ಲಲು ಬಯಸುವುದು ಈ ಕಾಲದ ತಾರಾರಾಧನೆಯನ್ನು ಬಲ್ಲವರಿಗೆ ಹೊಸತಲ್ಲ. ಈ ಗಂಭೀರವಾದ ವಸ್ತುವು ಚಿತ್ರಕಾರರ ಕೈಗೆ ಬಂದಿತ್ತು. ಅಸಲೂ ನಕಲೂ ಎದುರುಬದುರಾದಾಗ ಕೃಷ್ಣನ ಆ ನಗುವಿಗೆ ಸಮನಾದ ಒಂದು ಕ್ಷಣವನ್ನಾದರೂ ಕಲ್ಪಿಸಬಹುದಾಗಿತ್ತು. ಅವರು ಕಲ್ಪಿಸಿದುದು ಗುದ್ದಾಟವನ್ನು.

ಕೊನೆಯ ಅಂಕದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಈ ಮಾಲಿಕೆಯ 1997ರ ಮೊದಲನೆಯ ಚಿತ್ರದಲ್ಲಿ ಪರಿಚಾರಿಕೆಯೊಬ್ಬಳು ಹೊರಗಿನವರ ಸೂಚನೆಯಂತೆ ವಿಮಾನವನ್ನು ಇಳಿಸಿದ್ದಳು. ಇಲ್ಲಿ ಅದನ್ನೇ ಗಾಯಕನು ಮಾಡುವನು. ಪುನರುಕ್ತಿಯು ಸ್ಪಷ್ಟ. ಆದರೂ ಒಂದು ವಿಶೇಷವಿದೆ. ಲಕ್ಷಾಂತರ ಜನರಿಗೆ ಹಾಡಿದವನು ಆಗ ಕಿವಿಗೊಟ್ಟು ಕೇಳುವವನಾಗುವನು. ಕದ್ದು ಕೇಳುತ್ತಿದ್ದ ನಿಕ್ ಎಂಬುವನೇ ಹೇಳುವವನಾಗುವನು. ಪ್ರೇಕ್ಷಕನ ಧ್ವನಿಯಿಂದ ನಟನು ಬದುಕಿಕೊಳ್ಳುವ ಈ ವಿಪರ್ಯಾಸವು ಚಿತ್ರದಲ್ಲಿ ತಾನಾಗಿ ಒದಗಿ ಬಂದಿದೆ. ಕ್ಯಾಮೆರಾ ಮಾತ್ರ ಆ ಹೊತ್ತಿನಲ್ಲಿ ಇಬ್ಬರ ಮುಖಗಳ ಮೇಲೆ ನಿಲ್ಲದೆ, ಅಳತೆಯ ಮುಳ್ಳುಗಳಿಗೂ ವಿಮಾನದ ಗಾಲಿಗಳಿಗೂ ಅವಸರದಿಂದ ಓಡುತ್ತದೆ.