ಗಾಳಿ ಸೋಕದ ಕೈಚಳಕ

ಪ್ಯಾಲೇಡಿಯಂ, ಇರಿಡಿಯಂನಂಥ ದುಬಾರಿ ಲೋಹಗಳ ಕೆಲಸವನ್ನು ಕಬ್ಬಿಣ, ಮ್ಯಾಂಗನೀಸ್‌ಗಳಿಂದ ಮಾಡಿಸುವುದು ಸುಸ್ಥಿರ ಕ್ರಿಯಾವರ್ಧನೆಯ ದೊಡ್ಡ ಹಂಬಲ. ಈ ಕೆಲಸ ನಡೆಯುವ, ಜರ್ಮನಿಯ ರಾಸ್ಟಾಕ್‌ನಲ್ಲಿರುವ ಲೈಬ್ನಿಟ್ಸ್ ಕ್ರಿಯಾವರ್ಧನ ಸಂಸ್ಥೆಯಂಥ ಕಡೆ ಇಂಟರ್ನ್‌ಶಿಪ್‌ಗೆ ಬರುವ ಹೊರದೇಶಗಳ ಎಂ.ಎಸ್ಸಿ. ಹುಡುಗ ಹುಡುಗಿಯರಲ್ಲಿ ನಾನು ಮೆಚ್ಚುವುದು ಅವರ ಅಂಕಪಟ್ಟಿಯನ್ನಲ್ಲ, ಕೈಯನ್ನು.

ಈ ಕೆಲಸಕ್ಕೆ ಬಳಸುವ ಲೋಹ ಸಂಯುಕ್ತಗಳಲ್ಲಿ ಎಷ್ಟೋ ಗಾಳಿ ತಾಗಿದರೆ ಕೆಟ್ಟುಹೋಗುತ್ತವೆ. ಹಾಗಾಗಿ ಮೊದಲು ಕಲಿಯಬೇಕಾದದ್ದು ಶ್ಲೆಂಕ್ ಲೈನ್. ಎರಡು ಗಾಜಿನ ಕೊಳವೆ. ಒಂದರಲ್ಲಿ ನಿರ್ವಾತ, ಇನ್ನೊಂದರಲ್ಲಿ ಆರ್ಗಾನ್. ಗ್ರೀಸ್ ಸರಿಯಾಗಿ ಕೂತಿದ್ದರೆ ಗಾಜಿನ ಕೀಲು ತಿಳಿಯಾಗಿ ಕಾಣುತ್ತದೆ. ಒಂದು ಗೆರೆ ಮಸುಕಾಗಿದ್ದರೂ ಬಿಚ್ಚಿ, ಒರೆಸಿ, ಮತ್ತೆ ಹಚ್ಚಬೇಕು. ದ್ರಾವಣವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಗಾಳಿ ಎಳೆದು, ನಲ್ಲಿ ಮುಚ್ಚಿ ಕರಗಲು ಬಿಡುತ್ತಾರೆ. ಕರಗುವಾಗ ಸಣ್ಣ ಗುಳ್ಳೆಗಳು ಏಳುತ್ತವೆ. ಮೂರೋ ನಾಲ್ಕೋ ಸುತ್ತು, ಗುಳ್ಳೆ ನಿಲ್ಲುವ ತನಕ. (ಅವಸರದವರಿಗೆ ಈ ವಿದ್ಯೆ ಒಲಿಯದು.) ಪಂಪಿಗೆ ಮುನ್ನ ಆವಿಗಳನ್ನು ಹಿಡಿಯುವ ತಣ್ಣನೆಯ ಟ್ರ್ಯಾಪಿನ ತಳದಲ್ಲಿ ತಿಳಿನೀಲಿ ದ್ರವ ಕಂಡರೆ ಮಾತ್ರ ಎದೆ ಧಸಕ್ಕೆನ್ನಬೇಕು. ಅದು ದ್ರವ ಆಮ್ಲಜನಕ, ಸಿಡಿದೀತು.

ಇಷ್ಟೆಲ್ಲ ಮಾಡಿದರೂ ಪ್ರಕಟವಾಗುವ ಪ್ರಬಂಧದಲ್ಲಿ ಸಿಗುವುದು ‘ಆರ್ಗಾನ್ ವಾತಾವರಣದಲ್ಲಿ ನಡೆಸಲಾಯಿತು’ ಎಂಬಂಥ ಒಂದೇ ಸಾಲು. ನನಗದು ತೀರಾ ಕಡಿಮೆ ಅನ್ನಿಸುತ್ತದೆ.